‘ನಿಮ್ಮ ಮೇಲೆ ಕೇಸ್ ಇದೆಯಾ?’: ಕೇಳಲಿ, ಆದರೆ ಯಾವಾಗ?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಸಾಕು, ಫಾರಂ ಮೇಲೆ ಫಾರಂ. ಹತ್ತನೇ ಕ್ಲಾಸಿನ ಮಾರ್ಕ್ಸು, ಪಿಯು ಮಾರ್ಕ್ಸು, ಸಿಜಿಪಿಎ, ಬ್ಯಾಕ್‌ಲಾಗ್ ಎಷ್ಟು, ಗ್ಯಾಪ್ ಇಯರ್ ಇದೆಯಾ, ಬೆಂಗಳೂರು ಬಿಟ್ಟು ಬೇರೆ ಕಡೆ ಹೋಗ್ತೀರಾ... ಇದನ್ನೆಲ್ಲ ತುಂಬಿ ಕೆಳಗೆ ಬಂದರೆ ಕೆಲವು ಕಂಪನಿಗಳ ಫಾರಂನಲ್ಲಿ ಇನ್ನೊಂದು ಪ್ರಶ್ನೆ ಕಾದಿರುತ್ತೆ: ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಕೇಸ್ ದಾಖಲಾಗಿದೆಯೇ? ಬಂಧನ ಅಥವಾ ಶಿಕ್ಷೆ ಆಗಿದೆಯೇ? ಪಕ್ಕದಲ್ಲಿ ಎರಡು ಪುಟ್ಟ ಚೌಕ. ಹೌದು, ಇಲ್ಲ. ನಮ್ಮಲ್ಲಿ ಹೆಚ್ಚಿನವರು ಪ್ರಶ್ನೆಯನ್ನ ಪೂರ್ತಿ ಓದೋದೂ ಇಲ್ಲ. ‘ಇಲ್ಲ’ಕ್ಕೆ ಟಿಕ್ ಹಾಕಿ ಸಬ್ಮಿಟ್ ಒತ್ತುತ್ತೇವೆ.

ಈ ಲೇಖನ ಆ ಎರಡು ಚೌಕಗಳ ಬಗ್ಗೆ. ಅಮೆರಿಕದಲ್ಲಿ ಇದೇ ಚೌಕವನ್ನು ಕೆಲಸದ ಅರ್ಜಿಯಿಂದ ತೆಗೆಸೋದಕ್ಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೋರಾಟ ನಡೆದಿದೆ, ಕಾನೂನುಗಳೂ ಬಂದಿವೆ. ‘ಬ್ಯಾನ್ ದ ಬಾಕ್ಸ್’ ಅಂತಲೇ ಅದಕ್ಕೆ ಹೆಸರು. ಅಲ್ಲಿ ಏನು ಮಾಡಿದರು, ಎಲ್ಲಿ ಎಡವಿದರು, ನಮಗೆ ಅದರಿಂದ ಏನು ಸಿಗುತ್ತೆ ಅನ್ನೋದನ್ನು ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀನಿ: ಕಂಪನಿಗಳು ಈ ಪ್ರಶ್ನೆ ಕೇಳಬಾರದು ಅಂತ ನಾನು ಹೇಳ್ತಿಲ್ಲ. ಮೊದಲ ಸುತ್ತಿನಲ್ಲೇ ಕೇಳಬಾರದು, ಕೇಸು ಬೇರೆ ಶಿಕ್ಷೆ ಬೇರೆ ಅನ್ನೋದನ್ನು ಮರೆಯಬಾರದು, ಉತ್ತರ ನೋಡಿದ ಮೇಲೆ ಹೇಗೆ ತೀರ್ಮಾನಿಸಬೇಕು ಅನ್ನೋದಕ್ಕೆ ಕಾನೂನಿನ ನಿಯಮ ಬೇಕು. ನಮ್ಮ ದೇಶದಲ್ಲಿ ಖಾಸಗಿ ಕಂಪನಿಗಳಿಗೆ ಈ ಮೂರನ್ನೂ ಹೇಳುವ ಕಾನೂನು ಇಲ್ಲ.

ಒಂದು ಟಿಕ್‌ನ ಬೆಲೆ

2001ರಲ್ಲಿ ಡೇವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಮಿಲ್ವಾಕಿ ನಗರದಲ್ಲಿ ಒಂದು ಪ್ರಯೋಗ ಮಾಡಿದರು. ನಮ್ಮ ವಯಸ್ಸಿನವರೇ, 23 ವರ್ಷದ ಕಾಲೇಜು ಹುಡುಗರನ್ನು ಜೋಡಿ ಮಾಡಿ ಕೆಲಸ ಕೇಳೋಕೆ ಕಳಿಸಿದರು. ಒಂದು ಜೋಡಿ ಬಿಳಿಯರದ್ದು, ಇನ್ನೊಂದು ಕಪ್ಪು ಜನರದ್ದು. ಓದು, ಅನುಭವ, ಮಾತುಗಾರಿಕೆ ಎಲ್ಲ ಹೆಚ್ಚುಕಮ್ಮಿ ಒಂದೇ. ಪ್ರತಿ ಜೋಡಿಯಲ್ಲಿ ಒಬ್ಬ ಮಾತ್ರ ತಾನು ಡ್ರಗ್ಸ್ ಕೇಸಿನಲ್ಲಿ ಜೈಲಿಗೆ ಹೋಗಿ ಬಂದವನು ಅಂತ ಹೇಳಿಕೊಳ್ಳಬೇಕು. ಅದು ಬರೀ ಪಾತ್ರ, ನಿಜವಲ್ಲ. ಆ ಪಾತ್ರವನ್ನು ಇಬ್ಬರೂ ಸರದಿ ಮೇಲೆ ಮಾಡುತ್ತಿದ್ದರು. ಹೀಗೆ ಒಟ್ಟು 350 ಕಡೆ ಅರ್ಜಿ ಹಾಕಿದರು.

2003ರಲ್ಲಿ ಪ್ರಕಟವಾದ ಫಲಿತಾಂಶ ಇದು. ಕೇಸಿಲ್ಲದ ಬಿಳಿಯ ಹುಡುಗನಿಗೆ ಶೇಕಡ 34 ಕಡೆಗಳಿಂದ ಮರುಕರೆ ಬಂತು. ಕೇಸಿದೆ ಅಂದವನಿಗೆ ಶೇಕಡ 17. ಕೇಸಿಲ್ಲದ ಕಪ್ಪು ಹುಡುಗನಿಗೆ ಶೇಕಡ 14. ಕೇಸಿದೆ ಅಂದವನಿಗೆ ಶೇಕಡ 5. ಅಂದ್ರೆ ಒಂದು ಟಿಕ್ ಬಿಳಿಯನ ಅವಕಾಶವನ್ನು ಅರ್ಧಕ್ಕೆ ಇಳಿಸಿತು, ಕಪ್ಪು ಹುಡುಗನದ್ದನ್ನು ಸುಮಾರು ಮೂರನೇ ಒಂದಕ್ಕೆ. ಇನ್ನೊಂದು ಗಮನಿಸಿ: ಜೈಲಿಗೆ ಹೋಗಿಬಂದೆ ಅಂದ ಬಿಳಿಯನಿಗೆ ಸಿಕ್ಕ ಕರೆಗಳು, ಯಾವ ತಪ್ಪೂ ಮಾಡದ ಕಪ್ಪು ಹುಡುಗನಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು. ಈ ಅಂಕಿ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತೆ.

ಅಮೆರಿಕದಲ್ಲಿ ಏನಾದರೂ ಒಂದು ಪೊಲೀಸ್ ದಾಖಲೆ ಇರುವ ವಯಸ್ಕರು ಕನಿಷ್ಠ 7 ಕೋಟಿ ಎಂಬ ಅಂದಾಜಿದೆ. ಅಷ್ಟು ಜನರನ್ನು ಕೆಲಸದಿಂದ ದೂರ ಇಟ್ಟು ‘ಸುಧಾರಿಸಿಕೋ’ ಅಂದರೆ ಅವರು ಹೋಗೋದಾದರೂ ಎಲ್ಲಿಗೆ?

ಚೌಕ ತೆಗೆದ ಕಥೆ

ಈ ದಾರಿಯಲ್ಲಿ ಮೊದಲು ನಡೆದ ಅಮೆರಿಕದ ರಾಜ್ಯ ಹವಾಯಿ, 1998ರಲ್ಲಿ. ಮೊದಲು ಷರತ್ತಿನ ಮೇಲೆ ಆಫರ್ ಕೊಡಿ, ಆಮೇಲೆ ಹಳೇ ಶಿಕ್ಷೆ ಬಗ್ಗೆ ಕೇಳಿ ಅಂತ ಅಲ್ಲಿನ ಕಾನೂನು ಖಾಸಗಿ ಕಂಪನಿಗಳಿಗೂ ಹೇಳಿತು. ಆ ಶಿಕ್ಷೆಗೂ ಈ ಕೆಲಸಕ್ಕೂ ಸಂಬಂಧ ಇದ್ದರೆ ಮಾತ್ರ ಆಫರ್ ವಾಪಸ್ ತಗೋಬಹುದು. ಹತ್ತು ವರ್ಷಕ್ಕಿಂತ ಹಳೆಯದನ್ನು ನೋಡುವಂತಿಲ್ಲ. ಈ ಅವಧಿಯನ್ನು 2020ರಲ್ಲಿ ಇನ್ನೂ ಕಡಿಮೆ ಮಾಡಿದರು.

‘ಬ್ಯಾನ್ ದ ಬಾಕ್ಸ್’ ಎಂಬ ಘೋಷಣೆ ಜೋರಾಗಿದ್ದು 2004ರಲ್ಲಿ, ಕ್ಯಾಲಿಫೋರ್ನಿಯಾದ ‘ಆಲ್ ಆಫ್ ಅಸ್ ಆರ್ ನನ್’ ಸಂಘಟನೆಯಿಂದ. ಇದನ್ನು ಕಟ್ಟಿದವರು ದೊಡ್ಡ ವಕೀಲರಲ್ಲ, ಜೈಲಿನಿಂದ ಹೊರಬಂದವರೇ. 2015ರಲ್ಲಿ ನ್ಯೂಯಾರ್ಕ್ ನಗರದ ‘ಫೇರ್ ಚಾನ್ಸ್ ಆ್ಯಕ್ಟ್’ ಜಾರಿಗೆ ಬಂತು. 2018ರಿಂದ ಕ್ಯಾಲಿಫೋರ್ನಿಯಾದಲ್ಲಿ ಐದು ಅಥವಾ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಗೂ ಇಂಥದ್ದೇ ಕಾನೂನು. 2019ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೂ ತನ್ನ ಇಲಾಖೆಗಳಿಗೆ ಮತ್ತು ಸರ್ಕಾರಿ ಗುತ್ತಿಗೆದಾರರಿಗೆ ಈ ನಿಯಮ ತಂದಿತು, ಅದು 2021ರ ಡಿಸೆಂಬರಿನಲ್ಲಿ ಜಾರಿಯಾಯಿತು. ಮೂವತ್ತೈದಕ್ಕೂ ಹೆಚ್ಚು ರಾಜ್ಯಗಳಲ್ಲಿ ಕನಿಷ್ಠ ಸರ್ಕಾರಿ ಕೆಲಸಗಳಿಗಾದರೂ ಇಂಥ ನಿಯಮ ಇದೆ.

ಇಲ್ಲಿ ಕ್ಯಾಲಿಫೋರ್ನಿಯಾದ ಕಾನೂನನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಳ್ಳೆ ಪ್ರೋಟೋಕಾಲ್ ಥರ ಇದೆ, ಪ್ರತಿ ಹೆಜ್ಜೆಗೂ ಒಂದು ಅಕ್‌ನಾಲೆಜ್‌ಮೆಂಟ್. ಮೊದಲು ಆಫರ್. ಆಮೇಲೆ ತಪಾಸಣೆ. ಏನಾದರೂ ಸಿಕ್ಕರೆ ಆ ಮನುಷ್ಯನ ವಿಷಯವನ್ನು ಬಿಡಿಯಾಗಿ ನೋಡಬೇಕು: ಅಪರಾಧ ಎಷ್ಟು ಗಂಭೀರ, ಎಷ್ಟು ವರ್ಷ ಆಯ್ತು, ಈ ಕೆಲಸದ ಸ್ವರೂಪ ಏನು. ‘ಬೇಡ’ ಅಂತ ಅನಿಸಿದರೆ ಲಿಖಿತವಾಗಿ ತಿಳಿಸಬೇಕು, ವರದಿಯ ಪ್ರತಿ ಕೊಡಬೇಕು, ಉತ್ತರ ಕೊಡೋಕೆ ಕನಿಷ್ಠ ಐದು ಕೆಲಸದ ದಿನ ಬಿಡಬೇಕು. ಉತ್ತರ ನೋಡಿದ ಮೇಲೆ ಕೊನೆಯ ತೀರ್ಮಾನ. ಬರೀ ಬಂಧನವಾಗಿ ಶಿಕ್ಷೆ ಆಗದಿದ್ದ ಕೇಸನ್ನು ಲೆಕ್ಕಕ್ಕೇ ತಗೋಬಾರದು.

ಆ ಮೂರು ಪ್ರಶ್ನೆಗಳ ಬೇರು 1970ರ ದಶಕದಲ್ಲಿದೆ. ಮಿಸ್ಸೂರಿ ಪೆಸಿಫಿಕ್ ಎಂಬ ರೈಲ್ವೆ ಕಂಪನಿ, ಸಣ್ಣ ಟ್ರಾಫಿಕ್ ತಪ್ಪು ಬಿಟ್ಟು ಬೇರೆ ಯಾವುದೇ ಶಿಕ್ಷೆ ಆಗಿದ್ದವರನ್ನು ಸಾರಾಸಗಟಾಗಿ ತಿರಸ್ಕರಿಸುತ್ತಿತ್ತು. ಗುಮಾಸ್ತ ಕೆಲಸಕ್ಕೆ ಅರ್ಜಿ ಹಾಕಿದ್ದ ಗ್ರೀನ್ ಎಂಬ ಕಪ್ಪು ಯುವಕನ ಅಪರಾಧ ಏನು ಗೊತ್ತಾ? ಸೈನ್ಯಕ್ಕೆ ಕಡ್ಡಾಯವಾಗಿ ಸೇರೋಕೆ ಒಪ್ಪದೆ ಇದ್ದದ್ದು. ಇಂಥ ಸಾರಾಸಗಟು ನಿಯಮ ಸಲ್ಲದು ಅಂತ 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಕಾಲಂ ಕಿತ್ತರೆ ಮಾಹಿತಿ ಹೋಗಲ್ಲ

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ. ಆದರೆ ಅರ್ಧ ಸತ್ಯ ಆಗುತ್ತೆ.

ಅಮಾಂಡಾ ಏಗನ್ ಮತ್ತು ಸೋನ್ಯಾ ಸ್ಟಾರ್ ಎಂಬ ಇಬ್ಬರು ಸಂಶೋಧಕಿಯರು ನ್ಯೂಜೆರ್ಸಿ ಹಾಗೂ ನ್ಯೂಯಾರ್ಕ್ ನಗರದಲ್ಲಿ ಕಾನೂನು ಬರುವ ಮೊದಲು ಮತ್ತು ಬಂದ ಮೇಲೆ ಸುಮಾರು 15,000 ಕಾಲ್ಪನಿಕ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿದರು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಚೌಕ ಇದ್ದ ಕಂಪನಿಗಳಲ್ಲಿ ಬಿಳಿಯರ ಹೆಸರಿನ ಅರ್ಜಿಗೆ ಕಪ್ಪು ಜನರ ಹೆಸರಿನ ಅರ್ಜಿಗಿಂತ ಶೇಕಡ 7ರಷ್ಟು ಹೆಚ್ಚು ಮರುಕರೆ ಬರುತ್ತಿತ್ತು. ಚೌಕ ತೆಗೆದ ಮೇಲೆ ಅದೇ ಅಂತರ ಶೇಕಡ 43ಕ್ಕೆ ಏರಿತು!

ಯಾಕೆ? ಮೊದಲು ‘ಇಲ್ಲ’ ಅಂತ ಟಿಕ್ ಹಾಕಿದ ಕಪ್ಪು ಹುಡುಗನ ಕೈಲಿ ತಾನು ಶುದ್ಧ ಅಂತ ತೋರಿಸೋಕೆ ಒಂದು ಸಾಕ್ಷಿ ಇತ್ತು. ಅದನ್ನು ಕಿತ್ತುಕೊಂಡ ಮೇಲೆ ಕಂಪನಿಯವರು ಹೆಸರು ನೋಡಿ ಊಹಿಸೋಕೆ ಶುರು ಮಾಡಿದರು. ಮಿಲ್ವಾಕಿಯ ಅಂಕಿ ನೆನಪಿಸಿಕೊಳ್ಳಿ: ಪೂರ್ವಗ್ರಹ ಚೌಕಕ್ಕಿಂತ ಮೊದಲೇ ಅಲ್ಲಿತ್ತು.

ಮೆಷಿನ್ ಲರ್ನಿಂಗ್ ಎಲೆಕ್ಟಿವ್ ತಗೊಂಡವರಿಗೆ ಇದು ಹೊಸ ವಿಷಯ ಅಲ್ಲ. ಡೇಟಾಸೆಟ್‌ನಿಂದ ಒಂದು ಕಾಲಂ ಕಿತ್ತುಹಾಕಿದರೆ ಆ ಮಾಹಿತಿ ಮಾಯ ಆಗಲ್ಲ, ಬೇರೆ ಕಾಲಂಗಳೊಳಗೆ ಅಡಗಿ ಕೂತಿರುತ್ತೆ. ಅಲ್ಲಿ ಹೆಸರು, ಏರಿಯಾ. ನಮ್ಮಲ್ಲಿ ಹೆಸರು, ಅಡ್ಡಹೆಸರು, ಪಿನ್‌ಕೋಡ್, ಊರು. ಜಾತಿ, ಧರ್ಮ ಎರಡನ್ನೂ ಫಾರಂನಲ್ಲಿ ಕೇಳದೆಯೇ ಊಹಿಸಬಲ್ಲ ದೇಶ ನಮ್ಮದು.

ಇದನ್ನು ನೋಡಿ ಕೆಲವರು ‘ಹಾಗಾದ್ರೆ ಈ ಕಾನೂನೇ ದಂಡ’ ಅಂತಾರೆ. ನಾನು ಒಪ್ಪಲ್ಲ. ಅದೇ ಅಧ್ಯಯನದಲ್ಲಿ, ಚೌಕ ಇದ್ದ ಕಂಪನಿಗಳಲ್ಲಿ ಶಿಕ್ಷೆ ಆಗಿಲ್ಲ ಅಂದವರಿಗೆ ಆಗಿದೆ ಅಂದವರಿಗಿಂತ ಶೇಕಡ 63ರಷ್ಟು ಹೆಚ್ಚು ಕರೆ ಬಂದಿದೆ. ಚೌಕದ ಏಟು ನಿಜ. ಹಾಗಾಗಿ ಪಾಠ ಬೇರೆ: ಬರೀ ಪ್ರಶ್ನೆಯನ್ನು ಮುಚ್ಚಿಟ್ಟರೆ ಸಾಲದು, ತೀರ್ಮಾನವನ್ನೂ ತೆರೆದಿಡಬೇಕು. ಯಾಕೆ ಬೇಡ ಅಂದಿರಿ ಅಂತ ಬರೆದು ಕೊಡಬೇಕಾದ ಕಂಪನಿ ಊಹೆಯ ಮೇಲೆ ಆಟ ಆಡೋದು ಕಷ್ಟ. ಜೊತೆಗೆ ಹೆಸರು ನೋಡಿ ತಳ್ಳಿಹಾಕುವುದರ ವಿರುದ್ಧ ಬೇರೆ ಕಾನೂನೂ ಗಟ್ಟಿಯಾಗಿರಬೇಕು. ಒಂದು ಬಗ್ ಫಿಕ್ಸ್ ಮಾಡಿದಾಗ ಇನ್ನೊಂದು ಕಾಣಿಸಿಕೊಂಡಿತು ಅಂತ ಮೊದಲ ಬಗ್ಗನ್ನೇ ವಾಪಸ್ ತರ್ತೀವಾ?

ನಮ್ಮಲ್ಲಿ ಏನಿದೆ?

ಏನೂ ಇಲ್ಲ ಅಂತಲ್ಲ. 1958ರ ಪ್ರೊಬೇಷನ್ ಕಾಯ್ದೆಯಲ್ಲಿ, ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಟ್ಟವರಿಗೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟಬಾರದು ಅಂತಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಅಪ್ರಾಪ್ತರಾಗಿದ್ದಾಗ ಮಾಡಿದ ತಪ್ಪು ಮುಂದೆ ಅನರ್ಹತೆ ಆಗಬಾರದು, ದಾಖಲೆಯನ್ನೂ ನಾಶ ಮಾಡಬೇಕು. ಹದಿನಾರು ದಾಟಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೆ ಒಳಗಾದವರಿಗೆ ಮಾತ್ರ ವಿನಾಯಿತಿ ಇಲ್ಲ.

ಕೋರ್ಟುಗಳೂ ಮನಸ್ಸು ತೋರಿಸಿವೆ. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಹೊಡೆದಾಟದ ಕೇಸಿನಲ್ಲಿ ಸಿಕ್ಕಿ, ರಾಜಿಯಾಗಿ ಖುಲಾಸೆಯಾದ ಹುಡುಗನೊಬ್ಬನನ್ನು ದೆಹಲಿ ಪೊಲೀಸ್ ಇಲಾಖೆ ಕೆಲಸಕ್ಕೆ ತಗೊಳ್ಳಲಿಲ್ಲ. ಮೊದಲ ಅರ್ಜಿಯಲ್ಲಿ ಕೇಸಿನ ವಿಷಯ ಹೇಳಿರಲಿಲ್ಲ ಅನ್ನೋದು ಕಾರಣ. 2011ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ಎಳೆ ವಯಸ್ಸಿನ ತಪ್ಪಿಗೆ ಜೀವನಪೂರ್ತಿ ಹಣೆಪಟ್ಟಿ ಹಚ್ಚುವುದು ಸರಿಯಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ವಿವರವಾಗಿ ಹೇಳಿತು: ಕೇಳಿದ್ದಕ್ಕೆ ನಿಜ ಹೇಳಲೇಬೇಕು. ಆದರೆ ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣ ಮುಚ್ಚಿಟ್ಟಿದ್ದರೆ ಮಾಲೀಕರು ತಮ್ಮ ವಿವೇಚನೆಯಿಂದ ಅದನ್ನು ಮನ್ನಿಸಬಹುದು. ಅದೇ ತೀರ್ಪು ಇದನ್ನೂ ಹೇಳುತ್ತೆ: ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತೇನಿಲ್ಲ.

ಆದರೆ ಇವು ಸರ್ಕಾರಿ ಕೆಲಸದ ಕೇಸುಗಳು. ನಾವು ಬಹುಪಾಲು ಹೋಗೋದು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಮಾನ್ಯತಾ ಕಡೆಗೆ. ಅಲ್ಲಿ ಎಚ್‌ಆರ್ ಪಾಲಿಸಿಯೇ ಕಾನೂನು. ಆಫರ್ ಲೆಟರ್‌ನಲ್ಲಿ ‘ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ಗೆ ಒಳಪಟ್ಟು’ ಅಂತ ಒಂದು ಸಾಲು. ಅದನ್ನು ಮಾಡೋದು ಬೇರೊಂದು ಏಜೆನ್ಸಿ. ವರದಿಯಲ್ಲಿ ಏನು ಬಂತು ಅಂತ ಅಭ್ಯರ್ಥಿಗೆ ತೋರಿಸಲೇಬೇಕು ಅನ್ನೋ ಪದ್ಧತಿ ಇಲ್ಲ. ಅಮೆರಿಕದಲ್ಲಿ 1970ರ ಒಂದು ಕೇಂದ್ರ ಕಾನೂನಿನಡಿ, ವರದಿಯ ಆಧಾರದ ಮೇಲೆ ತಿರಸ್ಕರಿಸುವ ಮೊದಲು ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು. ಇದು ಬಹಳ ಸಣ್ಣ ಸೌಲಭ್ಯ ಅನಿಸಬಹುದು. ಅಲ್ಲ.

ಯಾಕೆ ಅಂತ ನೋಡಿ. ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಆನ್‌ಲೈನ್‌ಗೆ ಹಾಕಬೇಕು, ಸೂಕ್ಷ್ಮ ಪ್ರಕರಣ ಬಿಟ್ಟು, ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆರೋಪಿಗಳಿಗೆ ತಮ್ಮ ಮೇಲಿನ ಕೇಸು ಏನು ಅಂತ ಬೇಗ ಗೊತ್ತಾಗಲಿ ಎಂಬ ಒಳ್ಳೆ ಉದ್ದೇಶ ಅದು. ಕೋರ್ಟ್ ಕೇಸುಗಳನ್ನು ಇ-ಕೋರ್ಟ್ಸ್‌ನಲ್ಲಿ ಹೆಸರಿನಿಂದಲೇ ಹುಡುಕಬಹುದು. ಈಗ ಒಬ್ಬ ‘ಮಂಜುನಾಥ ಬಿನ್ ಶಿವಣ್ಣ’ನನ್ನು ಹುಡುಕಿ ನೋಡಿ. ಎಷ್ಟು ಮಂಜುನಾಥರು, ಎಷ್ಟು ಶಿವಣ್ಣಂದಿರು! ಇಂಗ್ಲಿಷಿನಲ್ಲಿ ಹೆಸರಿನ ಕೊನೆಗೆ ಎಚ್ ಇದೆಯೋ ಇಲ್ಲವೋ, ಇನಿಷಿಯಲ್ ಮುಂದೋ ಹಿಂದೋ. ಇದರ ಮೇಲೆ ಯಾರೋ ಬರೆದ ಸ್ಟ್ರಿಂಗ್ ಮ್ಯಾಚಿಂಗ್ ಕೋಡ್ ಓಡಿದರೆ ಫಾಲ್ಸ್ ಪಾಸಿಟಿವ್ ಬರದೆ ಇನ್ನೇನು ಬರುತ್ತೆ? ಅಮೆರಿಕದಲ್ಲಿ ಟ್ರಾನ್ಸ್‌ಯೂನಿಯನ್ ಎಂಬ ಕ್ರೆಡಿಟ್ ವರದಿ ಕಂಪನಿ ಬರೀ ಮೊದಲ ಹೆಸರು, ಕೊನೆಯ ಹೆಸರು ಹೋಲಿಸಿ ಜನರನ್ನು ಭಯೋತ್ಪಾದಕರ ಪಟ್ಟಿಗೆ ತಾಳೆ ಹಾಕಿತ್ತು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಆ ಮೊಕದ್ದಮೆಯಲ್ಲಿ ಇದ್ದವರು 8,185 ಜನ. ಅದು ಸಾಲದ ವಿಷಯ, ಕೆಲಸದ್ದಲ್ಲ. ಆದರೆ ಆ ಕೋಡ್ ಬರೆದವರು ನಮ್ಮಂಥವರೇ ಅಲ್ವಾ?

ಹೆಸರು ಸರಿಯಾಗೇ ಸಿಕ್ಕರೂ, ಸಿಕ್ಕಿದ್ದು ಏನು? ಎಫ್‌ಐಆರ್ ಅಂದ್ರೆ ಒಬ್ಬರು ದೂರು ಕೊಟ್ಟಿದ್ದಾರೆ ಅಂತ ಅಷ್ಟೇ. ಆಮೇಲೆ ಅದು ಬಿ ರಿಪೋರ್ಟ್ ಆಗಿರಬಹುದು, ಹೈಕೋರ್ಟಿನಲ್ಲಿ ರದ್ದಾಗಿರಬಹುದು, ಹತ್ತು ವರ್ಷ ಎಳೆದು ಖುಲಾಸೆ ಆಗಿರಬಹುದು. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ ಸುಮಾರು 76 ಜನ ವಿಚಾರಣಾಧೀನರು, ಅಂದ್ರೆ ತಪ್ಪಿತಸ್ಥರು ಅಂತ ಇನ್ನೂ ತೀರ್ಮಾನ ಆಗದವರು. ‘ಜೈಲಿಗೆ ಹೋಗಿದ್ದ’ ಅನ್ನೋದಕ್ಕೂ ‘ತಪ್ಪು ಮಾಡಿದ್ದ’ ಅನ್ನೋದಕ್ಕೂ ನಮ್ಮಲ್ಲಿ ಇಷ್ಟು ದೂರ ಇದೆ.

ಖುಲಾಸೆ ಆದರೂ ಬಿಡುಗಡೆ ಇಲ್ಲ ಅನ್ನೋದಕ್ಕೆ ಒಂದು ಉದಾಹರಣೆ. ಭಾರತೀಯ ಮೂಲದ ಅಮೆರಿಕನ್ ಪ್ರಜೆಯೊಬ್ಬರ ಮೇಲೆ 2009ರಲ್ಲಿ ಇಲ್ಲಿಗೆ ಬಂದಾಗ ಮಾದಕವಸ್ತು ಕೇಸ್ ಬಿತ್ತು. 2011ರಲ್ಲಿ ಖುಲಾಸೆ, 2013ರಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ವಾಪಸ್ ಹೋಗಿ ಕಾನೂನು ಓದಿದರು. ಆದರೆ ಅವರ ಹೆಸರು ಗೂಗಲ್ ಮಾಡಿದರೆ ಮೊದಲು ಬರುತ್ತಿದ್ದುದು ಆ ತೀರ್ಪು, ಹಾಗಾಗಿ ಕೆಲಸ ಸಿಗುತ್ತಿಲ್ಲ ಅಂತ ಮತ್ತೆ ಕೋರ್ಟಿಗೆ ಬರಬೇಕಾಯಿತು. 2021ರಲ್ಲಿ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟು ಆ ತೀರ್ಪು ಹುಡುಕಾಟದಲ್ಲಿ ಸಿಗದಂತೆ ಮಾಡಿಸಿತು. ಗೆದ್ದ ಕೇಸಿನಿಂದ ತಪ್ಪಿಸಿಕೊಳ್ಳೋಕೆ ಇನ್ನೊಂದು ಕೇಸ್! ವಕೀಲರಿಗೆ ದುಡ್ಡು ಕೊಡೋಕೆ ಆಗದವರು ಏನು ಮಾಡಬೇಕು?

‘ಹಾಗಾದ್ರೆ ಯಾರನ್ನ ಬೇಕಾದ್ರೂ ತಗೋಬೇಕಾ?’

ಈ ಪ್ರಶ್ನೆ ಬರಲೇಬೇಕು, ಬರಬೇಕಾದದ್ದೇ. 2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಆ್ಯಪ್ ಕ್ಯಾಬ್ ಚಾಲಕನೊಬ್ಬ ಪ್ರಯಾಣಿಕ ಯುವತಿಯ ಮೇಲೆ ಅತ್ಯಾಚಾರ ಎಸಗಿದ. ಅವನ ಮೇಲೆ ಮೊದಲೇ ಕೇಸುಗಳಿದ್ದವು ಅಂತ ಆಮೇಲೆ ಗೊತ್ತಾಯಿತು. ರಾತ್ರಿ ಶಿಫ್ಟ್ ಮುಗಿಸಿ ಕ್ಯಾಬ್ ಹತ್ತುವ ನಮ್ಮ ಗೆಳತಿಯರಿಗೆ ‘ಎಲ್ಲರಿಗೂ ಎರಡನೇ ಅವಕಾಶ ಕೊಡಬೇಕಮ್ಮ’ ಅಂತ ಉಪದೇಶ ಮಾಡೋಕೆ ಯಾರಿಗೂ ಹಕ್ಕಿಲ್ಲ.

ಆದರೆ ನಾನು ಹೇಳ್ತಿರುವ ಥರದ ಕಾನೂನು ಇಂಥ ಕಡೆ ತಪಾಸಣೆಯನ್ನು ತಡೆಯಲ್ಲ. ಕೆಲಸಕ್ಕೂ ಅಪರಾಧಕ್ಕೂ ಸಂಬಂಧ ಇದೆಯಾ ಅಂತ ಕೇಳು ಅನ್ನುತ್ತೆ. ಒಂಟಿ ಪ್ರಯಾಣಿಕರನ್ನು ಕರೆದೊಯ್ಯುವ ಚಾಲಕನಿಗೆ ಲೈಂಗಿಕ ಅಪರಾಧದ ದಾಖಲೆ ಇದ್ದರೆ ಸಂಬಂಧ ಖಂಡಿತ ಇದೆ, ಸಿಗೋ ಎಲ್ಲ ದಾಖಲೆ ನೋಡಲಿ. ಶಾಲೆ, ಆಸ್ಪತ್ರೆ, ಬ್ಯಾಂಕಿನ ತಿಜೋರಿಗೂ ಅಷ್ಟೇ. ಬ್ರಿಟನ್ನಿನಲ್ಲಿ 1974ರಿಂದಲೇ, ನಿಗದಿತ ಕಾಲ ಕಳೆದ ಮೇಲೆ ಹಳೇ ಶಿಕ್ಷೆಯನ್ನು ‘ತೀರಿದ್ದು’ ಅಂತ ಪರಿಗಣಿಸುವ ಕಾಯ್ದೆ ಇದೆ. ಮಕ್ಕಳ ಜೊತೆಗಿನ ಕೆಲಸದಂಥವಕ್ಕೆ ಅಲ್ಲೂ ವಿನಾಯಿತಿಗಳಿವೆ. ಆದರೆ ಇಂಜಿನಿಯರಿಂಗ್ ಸೆಕೆಂಡ್ ಇಯರ್‌ನಲ್ಲಿ ಫೀಸ್ ಏರಿಕೆ ವಿರುದ್ಧ ರಸ್ತೆ ತಡೆ ಮಾಡಿ ಕೇಸ್ ಹಾಕಿಸಿಕೊಂಡವನಿಗೂ ಜಾವಾ ಡೆವಲಪರ್ ಕೆಲಸಕ್ಕೂ ಏನು ಸಂಬಂಧ? ನಾಲ್ಕು ವರ್ಷದ ಹಿಂದೆ ಬೈಕ್ ಆ್ಯಕ್ಸಿಡೆಂಟ್ ಮಾಡಿ ದಂಡ ಕಟ್ಟಿದವಳಿಗೂ ವಿಎಲ್‌ಎಸ್‌ಐ ಡಿಸೈನಿಗೂ?

ಎಷ್ಟು ವರ್ಷ ಕಾಯಬೇಕು ಅನ್ನೋದಕ್ಕೂ ಲೆಕ್ಕ ಇದೆ. ರಿಲಯಬಿಲಿಟಿ ಪಾಠದ ಹಜಾರ್ಡ್ ರೇಟ್ ನೆನಪಿದೆಯಾ? ಬ್ಲಮ್‌ಸ್ಟೈನ್ ಮತ್ತು ನಾಕಾಮುರಾ ಎಂಬುವರು 2009ರಲ್ಲಿ ಅದನ್ನೇ ಮನುಷ್ಯರಿಗೆ ಅನ್ವಯಿಸಿದರು. 1980ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಸಲ ಬಂಧನಕ್ಕೊಳಗಾದವರ ದಾಖಲೆ ತಗೊಂಡು, ಮತ್ತೆ ಬಂಧನವಾಗುವ ಸಾಧ್ಯತೆ ಎಷ್ಟು ವರ್ಷಕ್ಕೆ ಅದೇ ವಯಸ್ಸಿನ ಸಾಮಾನ್ಯ ಜನರ ಮಟ್ಟಕ್ಕೆ ಇಳಿಯುತ್ತೆ ಅಂತ ನೋಡಿದರು. ಹದಿನೆಂಟನೇ ವಯಸ್ಸಿನಲ್ಲಿ ದರೋಡೆ ಕೇಸಿನಲ್ಲಿ ಸಿಕ್ಕವರಿಗೆ 7.7 ವರ್ಷ. ಮನೆಗಳ್ಳತನಕ್ಕೆ 3.8 ವರ್ಷ. ಗಂಭೀರ ಹಲ್ಲೆಗೆ 4.3 ವರ್ಷ. ಅಷ್ಟು ಕಾಲ ಸುಮ್ಮನಿದ್ದವನು ಅಂಕಿಅಂಶದ ಕಣ್ಣಿಗೆ ನಮ್ಮ ನಿಮ್ಮಂತೆಯೇ. ಅದು ಅಲ್ಲಿನ ಲೆಕ್ಕ, ಇಲ್ಲಿಗೆ ಹಾಗೇ ಅಂಟಿಸೋಕೆ ಬರಲ್ಲ. ಆದರೆ ಅಪಾಯ ಕಾಲದ ಜೊತೆ ಇಳಿಯುತ್ತೆ, ಫಾರಂನಲ್ಲಿನ ಪ್ರಶ್ನೆ ಮಾತ್ರ ಇಳಿಯಲ್ಲ ಅನ್ನೋದು ಯೋಚಿಸಬೇಕಾದ ವಿಷಯ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮ ಹಿರಿಯರು ಹೇಳಿದ್ದು ಎಚ್ಚರಿಕೆಗೆ, ತಪ್ಪು ಮಾಡಬೇಡ ಮಗಾ ಅಂತ. ಅದನ್ನೇ ಎಚ್‌ಆರ್ ಪಾಲಿಸಿ ಮಾಡಿಕೊಂಡರೆ ಹೇಗೆ? ಕೋರ್ಟ್ ಕೊಟ್ಟ ಶಿಕ್ಷೆಗೆ ಒಂದು ಕೊನೆಯ ದಿನಾಂಕ ಇರುತ್ತೆ. ಕೆಲಸ ಕೊಡದೆ ಕೊಡುವ ಶಿಕ್ಷೆಗೆ ಅದು ಇಲ್ಲ.

ನಾವೇನು ಮಾಡಬಹುದು?

ಕಾನೂನು ತರೋದು ವಿಧಾನಸಭೆ, ಸಂಸತ್ತಿನ ಕೆಲಸ. ಖಾಸಗಿ ಕಂಪನಿಗಳಿಗೆ ಐದೇ ಐದು ನಿಯಮ ಸಾಕು ಅಂತ ನನಗನಿಸುತ್ತೆ. ಆಫರ್ ಆದ ಮೇಲೆ ಕೇಳಬೇಕು. ಸಾಮಾನ್ಯ ಕೆಲಸಗಳಿಗೆ ಶಿಕ್ಷೆಯನ್ನು ಮಾತ್ರ ಕೇಳಬೇಕು, ಎಫ್‌ಐಆರ್ ಅಲ್ಲ. ಕೆಲಸಕ್ಕೆ ಸಂಬಂಧಪಟ್ಟಿದ್ದನ್ನಷ್ಟೇ ಲೆಕ್ಕಕ್ಕೆ ತಗೋಬೇಕು. ಇಷ್ಟು ವರ್ಷ ದಾಟಿದರೆ ಮುಗೀತು ಅನ್ನೋ ಗೆರೆ ಇರಬೇಕು. ಬೇಡ ಅನ್ನೋ ಮುಂಚೆ ವರದಿ ತೋರಿಸಿ ಉತ್ತರ ಕೇಳಬೇಕು.

ಅಲ್ಲಿವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಕ್ಯಾಂಪಸ್ಸಿಗೆ ಬರುವ ಕಂಪನಿಗಳಿಗೆ ಪ್ಲೇಸ್‌ಮೆಂಟ್ ಸೆಲ್ ಈಗಾಗಲೇ ಹತ್ತಾರು ಷರತ್ತು ಹಾಕುತ್ತೆ. ಇನ್ನೆರಡು ಸೇರಿಸಲಿ: ರಿಜಿಸ್ಟ್ರೇಷನ್ ಫಾರಂನಲ್ಲಿ ಈ ಪ್ರಶ್ನೆ ಬೇಡ, ವೆರಿಫಿಕೇಶನ್‌ನಲ್ಲಿ ಏನಾದರೂ ಬಂದರೆ ವಿದ್ಯಾರ್ಥಿಗೆ ವರದಿಯ ಪ್ರತಿ ಕೊಡಿ. ವಿದ್ಯಾರ್ಥಿ ಪ್ರತಿನಿಧಿಗಳು ಮುಂದಿನ ಮೀಟಿಂಗ್‌ನಲ್ಲಿ ಇದನ್ನು ಎತ್ತಿದರೆ ಒಂದು ರೂಪಾಯಿ ಖರ್ಚಿಲ್ಲ.

ಫಾರಂನಲ್ಲಿ ಪ್ರಶ್ನೆ ಇರುವವರೆಗೂ ಸುಳ್ಳು ಬರೆಯಬೇಡಿ. ಎಷ್ಟೋ ಕಡೆ ಹಳೇ ಕೇಸಿಗಿಂತ ಅದನ್ನು ಮುಚ್ಚಿಟ್ಟಿದ್ದೇ ಕೆಲಸ ಕಳೆದಿದೆ. ಪ್ರಶ್ನೆಯನ್ನು ಸರಿಯಾಗಿ ಓದಿ: ಶಿಕ್ಷೆ ಆಗಿದೆಯಾ ಅಂತ ಕೇಳಿದ್ದಾರೋ, ಕೇಸ್ ದಾಖಲಾಗಿದೆಯಾ ಅಂತ ಕೇಳಿದ್ದಾರೋ, ಎರಡೂ ಬೇರೆ ಬೇರೆ. ಖುಲಾಸೆ ಅಥವಾ ಬಿ ರಿಪೋರ್ಟ್ ಆಗಿದ್ದರೆ ಅದರ ಆದೇಶದ ದೃಢೀಕೃತ ಪ್ರತಿ ತೆಗೆಸಿ ಇಟ್ಟುಕೊಳ್ಳಿ.

ಇನ್ನು ನಾಲ್ಕೈದು ವರ್ಷಕ್ಕೆ ನಮ್ಮಲ್ಲೇ ಕೆಲವರು ಇಂಟರ್‌ವ್ಯೂ ಪ್ಯಾನೆಲ್ಲಿನ ಆ ಕಡೆ ಕೂತಿರುತ್ತೇವೆ, ಕೆಲವರು ವೆರಿಫಿಕೇಶನ್ ಸಾಫ್ಟ್‌ವೇರ್‌ಗೇ ಕೋಡ್ ಬರೆಯುತ್ತಿರುತ್ತೇವೆ. ಆ ಫಾರಂನಲ್ಲಿ ‘ಹೌದು’ ಅಂತ ಬಂದ ತಕ್ಷಣ ಅರ್ಜಿಯನ್ನು ತಿರಸ್ಕರಿಸುವ ಒಂದು ಇಫ್ ಸ್ಟೇಟ್‌ಮೆಂಟ್ ಬರೆಯೋಕೆ ಒಂದು ನಿಮಿಷವೂ ಬೇಡ. ಅದನ್ನು ಬರೆಯಿರಿ ಅಂತ ಹೇಳಿದವರನ್ನು ‘ಯಾವ ಕೇಸು, ಯಾವಾಗಿನದು, ಈ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಸರ್?’ ಅಂತ ಕೇಳೋದು ಸ್ವಲ್ಪ ಕಷ್ಟ. ಕಾನೂನು ಬರುವ ತನಕ ಆ ಪ್ರಶ್ನೆ ಕೇಳುವ ಜವಾಬ್ದಾರಿ ನಮ್ಮ ಮೇಲಿದೆ.